ಮೇಷ್ಟ್ರ ಹೆಸರಿನ ಸಭಾಂಗಣಕ್ಕೂ ಮೊದಲು ಆ ಕೋಣೆಯ ಬೀಗ ತೆಗೆಯಿರಿ

ಮಾನ್ಯ ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಯ ಸದಸ್ಯರಿಗೆ,

ನಮಸ್ಕಾರ. ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡ ಮೇಲೆ ನೀವು ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿದ್ದೀರಿ. ಹೊಸ ಸಭಾಂಗಣಕ್ಕೆ ಅವರ ಹೆಸರು, ಅವರ ನೆನಪಿನಲ್ಲಿ ವರ್ಷಕ್ಕೊಂದು ಅಂತರಕಾಲೇಜು ಗಾಯನ ಸ್ಪರ್ಧೆ. ಸಂತೋಷ. ಅದೇ ಸುತ್ತೋಲೆಯ ಕೊನೆಗೆ ಇನ್ನೊಂದು ಸಾಲು ಇದೆ: ಪ್ರಯೋಗಾಲಯದ ಪಕ್ಕದ ಕೋಣೆಯ ಹಳೆಯ ಸಾಮಾನು ವಿಲೇವಾರಿ ಮಾಡಿ ಅಲ್ಲಿ ಸ್ಮಾರ್ಟ್ ಕ್ಲಾಸ್ ಮಾಡಲಾಗುವುದು. ಆ ಹಳೆಯ ಸಾಮಾನಿನ ಬಗ್ಗೆ ಈ ಪತ್ರ. ನಿಮಗೆ ನೇರವಾಗಿ ಬರೆದು ಸುಮ್ಮನಿರಬಹುದಿತ್ತು. ಆದರೆ ಮೇಷ್ಟ್ರು ನಿಮ್ಮ ಕಾಲೇಜಿನ ನೌಕರರಾಗಿದ್ದಷ್ಟೇ ನಮ್ಮೆಲ್ಲರ ಆಸ್ತಿಯೂ ಆಗಿದ್ದವರು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಆ ಕೋಣೆಯಲ್ಲಿರುವುದು ಕಬ್ಬಿಣದ ಬೀರುಗಳ ತುಂಬ ಕ್ಯಾಸೆಟ್ಟು, ಮರದ ಕಪಾಟಿನಲ್ಲಿ ಎಲ್‌ಪಿಗಳು, ಕೆಳಗೆ ಹಳೆಯ ಅರಗಿನ ಗ್ರಾಮಫೋನ್ ತಟ್ಟೆಗಳು, ಒಂದು ಸ್ಪೂಲ್ ರೆಕಾರ್ಡರ್, ಬೆಲ್ಟ್ ಸಡಿಲವಾದ ಕ್ಯಾಸೆಟ್ ಡೆಕ್, ಬುರುಡೆ ಸ್ವಲ್ಪ ಸೀಳಿದ ಒಂದು ತಂಬೂರಿ. ಇವುಗಳ ಜೊತೆ ಮೇಷ್ಟ್ರ ನೋಟ್‌ಬುಕ್ಕುಗಳು. ಎಲ್ಲವೂ ಅವರ ಸಂಬಳದಲ್ಲಿ ಕೊಂಡದ್ದು. ನಿವೃತ್ತರಾದಾಗ ಮನೆಗೆ ಒಯ್ಯದೆ, ಹುಡುಗರು ಕೇಳಲಿ ಎಂದು ಇಲ್ಲೇ ಬಿಟ್ಟುಹೋದರು.

ಮೇಷ್ಟ್ರು ಹಾಡುತ್ತಿರಲಿಲ್ಲ. ಹಾಡಲು ಬರುತ್ತಿರಲಿಲ್ಲ ಎನ್ನುವುದೇ ಸರಿ. ಅವರ ಗಂಟಲು ಷಡ್ಜದ, ಅಂದರೆ ಮೊದಲ ಸ್ವರವಾದ 'ಸ'ದ ಮೇಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಅದನ್ನು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ವಾದ್ಯ ನುಡಿಸಲಿಲ್ಲ, ಸಂಗೀತ ವಿಮರ್ಶೆ ಬರೆಯಲಿಲ್ಲ, ಸಭೆಗಳಲ್ಲಿ ಅಧ್ಯಕ್ಷತೆ ವಹಿಸಲಿಲ್ಲ. ಕೇಳಿದರು. ಎಚ್ಚರವಾಗಿ, ಹಟ ಹಿಡಿದು, ಬದುಕಿನುದ್ದಕ್ಕೂ ಕೇಳಿದರು, ಮತ್ತು ಕೇಳುವುದನ್ನು ಕಲಿಸಿದರು. ಹಾಡುವವರು ತೀರಿಕೊಂಡರೆ ಧ್ವನಿಮುದ್ರಣ ಉಳಿಯುತ್ತದೆ. ಕೇಳಿದವರು ತೀರಿಕೊಂಡರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ನಮ್ಮ ಮೇಷ್ಟ್ರ ಮಟ್ಟಿಗೆ ಉತ್ತರ ಆ ಕೋಣೆಯಲ್ಲಿದೆ.

ಅವರ ಪಾಠ ಹೇಗಿರುತ್ತಿತ್ತು ಎಂದು ಮಂಡಳಿಯ ಹೊಸ ಸದಸ್ಯರಿಗೆ ಗೊತ್ತಿರಲಾರದು. ಸೋನೋಮೀಟರ್ ಎಂದರೆ ಪೆಟ್ಟಿಗೆಯ ಮೇಲೆ ತಂತಿ ಬಿಗಿದು ಕಂಪನ ಅಳೆಯುವ ಸಾಧನ. ಅದರ ಪ್ರಯೋಗಕ್ಕೆ ಕೊಡುವ ಟ್ಯೂನಿಂಗ್ ಫೋರ್ಕುಗಳ ಡಬ್ಬಿ ಸಾಧಾರಣವಾಗಿ ಎಲ್ಲ ಪ್ರಯೋಗಾಲಯಗಳಲ್ಲೂ ಇರುತ್ತದೆ. 256, 288, 320, 341.3, 384, 426.6, 480, 512 ಎಂದು, ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು, ಅವುಗಳ ಮೇಲೆ ಕೊರೆದಿರುತ್ತದೆ. ನಮಗೆ ಅವು ರೆಕಾರ್ಡ್ ಪುಸ್ತಕದ ಕಾಲಂ ತುಂಬಿಸುವ ಅಂಕಿಗಳು, ಅಷ್ಟೆ. ಮೇಷ್ಟ್ರು ಎಂಟನ್ನೂ ಸಾಲಾಗಿಟ್ಟು, ಒಂದೊಂದನ್ನೇ ರಬ್ಬರ್ ಪ್ಯಾಡಿಗೆ ಬಡಿದು ಸೋನೋಮೀಟರಿನ ಪೆಟ್ಟಿಗೆಯ ಮೇಲೆ ಊರುತ್ತ ಹೋಗುತ್ತಿದ್ದರು. ಸ, ರಿ, ಗ, ಮ... ಐದನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ 'ಸಾರ್, ಶಂಕರಾಭರಣ' ಎಂದು ರಾಗದ ಹೆಸರು ಅನ್ನಬೇಕು. ಅನ್ನದಿದ್ದರೆ ಮತ್ತೆ ಮೊದಲಿನಿಂದ. 256ಕ್ಕೆ 384 ಎಂದರೆ ಎರಡಕ್ಕೆ ಮೂರು, ಅದು ಪಂಚಮ, ಅಂದರೆ 'ಪ'. 256ಕ್ಕೆ 320 ಎಂದರೆ ನಾಲ್ಕಕ್ಕೆ ಐದು, ಅದು ಅಂತರ ಗಾಂಧಾರ, ಅಂದರೆ ಈ ರಾಗದ 'ಗ'. ಅಂಕಿಗಳಿಗೆ ಕಂಠ ಬರುವುದನ್ನು ನಾನು ಮೊದಲು ಕೇಳಿದ್ದು ಅಲ್ಲಿ.

ಅಸಲಿ ಪಾಠ ಅದರ ನಂತರ. 288ರ ಫೋರ್ಕನ್ನು ಎತ್ತಿ, 'ಈಗ ಇದೇ ಷಡ್ಜ. ಇಲ್ಲಿಂದ ಹೊರಟರೆ ಖರಹರಪ್ರಿಯ ರಾಗ ಬರಬೇಕು. ಬರುತ್ತಾ ನೋಡ್ರಪ್ಪ' ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಪಂಚಮಕ್ಕೆ ಬಂದಾಗ ಕಿವಿಗೆ ಏನೋ ಕಿರಿಕಿರಿ. ಯಾಕೆ? 288ರ ಪಂಚಮ 432 ಇರಬೇಕು, ಡಬ್ಬಿಯಲ್ಲಿರುವುದು 426.6. ಫೋರ್ಕ್ ಮಾಡಿದವನ ತಪ್ಪೇ? ಅಲ್ಲ. ಒಂದು ಷಡ್ಜಕ್ಕೆ ಶುದ್ಧವಾಗಿ ಕೂಡಿಸಿದ ಸ್ವರಗಳು ಇನ್ನೊಂದು ಷಡ್ಜಕ್ಕೆ ಶುದ್ಧವಾಗಿ ಉಳಿಯುವುದಿಲ್ಲ, ಲೆಕ್ಕವೇ ಹಾಗಿದೆ. ಹಾರ್ಮೋನಿಯಂ ಈ ತೊಂದರೆಗೆ ಒಪ್ಪಂದದ ದಾರಿ ಹುಡುಕಿಕೊಂಡು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಅದರಿಂದ 320 ಇರಬೇಕಾದ ಗಾಂಧಾರ 322.5ಕ್ಕೆ ಏರಿ ಕೂರುತ್ತದೆ. ರೇಡಿಯೋದವರು 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ ಮೂರು ದಶಕ ದೂರ ಇಟ್ಟ ಕಥೆಯನ್ನು ಮೇಷ್ಟ್ರು ಇಲ್ಲಿ ಹೇಳುತ್ತಿದ್ದರು. ನಿಷೇಧವನ್ನು ಅವರು ಒಪ್ಪುತ್ತಿರಲಿಲ್ಲ. ಒಳ್ಳೆಯ ಹಾರ್ಮೋನಿಯಂ ವಾದಕ ಯಾವ ಮನೆಯನ್ನು ಒತ್ತಬಾರದು, ಯಾವಾಗ ಒತ್ತಬಾರದು ಎಂದು ಬಲ್ಲವನು ಎನ್ನುತ್ತಿದ್ದರು.

ತಂಬೂರಿಯ ದಿನ ತರಗತಿಯಲ್ಲಿ ಮಾತು ಬಂದ್. ಪ ಸ ಸ ಸ ಮೀಟುತ್ತ ಕೂತುಬಿಡುವರು. ನಾಲ್ಕು ತಂತಿಯಲ್ಲಿ ಇಲ್ಲದ ಬೇರೊಂದು ಸ್ವರ ಕೇಳಿಸಿದವರು ಕೈ ಎತ್ತಬೇಕು. ಕೆಲವರಿಗೆ ಅದೇ ದಿನ ಕೇಳಿಸಿತು. ನನಗೆ ಬಹಳ ತಡವಾಗಿ ಕೇಳಿಸಿತು, ಆದರೆ ಒಮ್ಮೆ ಕೇಳಿದ ಮೇಲೆ ಇವತ್ತಿಗೂ ಅದನ್ನು ಕೇಳಿಸಿಕೊಳ್ಳದೆ ಇರಲು ಆಗಿಲ್ಲ. ಮಂದ್ರ ಷಡ್ಜದ, ಅಂದರೆ ಕೆಳಗಿನ 'ಸ'ದ ತಂತಿಯೊಳಗಿಂದ ತಾನಾಗಿ ಏಳುವ ಗಾಂಧಾರ. ಆಮೇಲೆ ತಂತಿಗೂ ಅದರ ಕುದುರೆಗೂ ನಡುವೆ ಇಟ್ಟ ಜೀವಾಳಿಯ ದಾರ ಎಳೆದುಬಿಡುವರು. ಗಾಂಧಾರ ಮಾಯ, ತಂಬೂರಿ ಬರಿ ತಂತಿ ಕಟ್ಟಿದ ಮರ. ದಾರ ಮತ್ತೆ ಸರಿಸಿದರೆ ಮತ್ತೆ ಬರುತ್ತದೆ. ತಂತಿಯನ್ನು ಮೀಟಿದ ಜಾಗದಲ್ಲಿ ಏಳಲೇಬಾರದ ಉಪಸ್ವರಗಳೂ ತಂಬೂರಿ ವೀಣೆಗಳಲ್ಲಿ ಏಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಅದಕ್ಕೂ ಹಿಂದಿನ ವರ್ಷ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ, ಮೃದಂಗ ತಬಲಗಳ ನಡುವಿನ ಕಪ್ಪು ಕರಣೆಯೇ ಚರ್ಮದ ಗದ್ದಲವನ್ನು ಸ್ವರವಾಗಿಸುತ್ತದೆ ಎಂದು ತೋರಿಸಿದ್ದರು. ರಾಮನ್‌ಗೆ ನೊಬೆಲ್ ಬಂದದ್ದು ಬೆಳಕಿನ ಕೆಲಸಕ್ಕೆ, 1930ರಲ್ಲಿ. 'ಅವರ ಕಿವಿಗೂ ಒಂದು ಕೊಡಬೇಕಿತ್ತು' ಎಂಬುದು ಮೇಷ್ಟ್ರ ದೂರು.

ಗುರುವಾರ ಸಂಜೆ ಆ ಕೋಣೆಯಲ್ಲಿ ಕೇಳುವ ಕೂಟ. ಯಾವ ವಿಷಯದ ಹುಡುಗರಾದರೂ ಬರಬಹುದು. ಹಾಜರಿ ಇಲ್ಲ, ಅಂಕ ಇಲ್ಲ, ಆದರೆ ತಡವಾಗಿ ಬಂದವರಿಗೆ ಬಾಗಿಲೂ ಇಲ್ಲ. ಹಾಡು ಮುಗಿದ ಮೇಲೆ 'ಅದ್ಭುತ' ಎಂಬ ಶಬ್ದಕ್ಕೆ ಅಲ್ಲಿ ನಿಷೇಧವಿತ್ತು. 'ಅದ್ಭುತ ಅಂದ್ರೆ ನೀನು ಕೇಳಲಿಲ್ಲ ಅಂತ. ಏನಾಯ್ತು ಹೇಳು.' ನಿಷಾದದ ಮೇಲೆ ಇಷ್ಟು ಹೊತ್ತು ನಿಂತು ಷಡ್ಜಕ್ಕೆ ಹೋಗದೆ ವಾಪಸ್ಸು ಬಂದರು ಅಂತಲೋ, ಎರಡನೇ ಸಲ ಅದೇ ಸಾಲು ಬಂದಾಗ ತಬಲ ತೆಳುವಾಯಿತು ಅಂತಲೋ ಹೇಳಬೇಕು. ಸಂಗೀತ ಕಲಿಯದವರು ಅವರವರ ಮಾತಲ್ಲಿ ಹೇಳಬಹುದು, ಆದರೆ ನಡೆದದ್ದನ್ನೇ ಹೇಳಬೇಕು. ಆ ಅರಗಿನ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ 78 ಆರ್‌ಪಿಎಂ ತಟ್ಟೆ ಹಾಕಿದ ದಿನ ಇದು ಬಲು ಚೆನ್ನಾಗಿ ಸಾಗುತ್ತಿತ್ತು. ಒಂದು ಬದಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಗಂಟೆಗಟ್ಟಲೆ ಹಾಡುತ್ತಿದ್ದವರು ಆ ಮೂರು ನಿಮಿಷಕ್ಕೆ ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂಬುದರಲ್ಲೇ ರಾಗದ ಜೀವ ಎಲ್ಲಿದೆ ಎಂದು ಗೊತ್ತಾಗುತ್ತದೆ ಅನ್ನುವುದು ಅವರ ವಾದ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿ ಮುಗಿಸಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು, ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡು ಎಂದು ತಿಳಿಯಲಿ ಅಂತ. ಈ ಸಂಗತಿ ಹೇಳುವಾಗಲೆಲ್ಲ ಮೇಷ್ಟ್ರು ತಾವೂ ಸಣ್ಣ ದನಿಯಲ್ಲಿ ತಮ್ಮ ಹೆಸರು ಹೇಳಿ ನಗುತ್ತಿದ್ದರು.

ಅವರಿಗೂ ಕಿವಿ ಮುಚ್ಚಿಕೊಳ್ಳುವ ಜಾಗಗಳಿದ್ದವು. ಚಿತ್ರಗೀತೆ ಎಂದರೆ ಮೂಗು ಮುರಿಯುವರು. ಬಿ.ಕಾಂ. ಓದುತ್ತಿದ್ದ ಒಬ್ಬಳು ಒಂದು ಗುರುವಾರ ಕ್ಯಾಸೆಟ್ ತಂದು, 'ಸಾರ್, ಎರಡನೇ ಚರಣಕ್ಕೆ ಮೊದಲು ಎಷ್ಟು ಥರದ ವಾದ್ಯ ಇದೆ, ನೀವೇ ಎಣಿಸಿ ಹೇಳಿ' ಎಂದು ಸವಾಲು ಹಾಕಿದಳು. ಮೇಷ್ಟ್ರು ಎಣಿಸಿದರು, ತಪ್ಪಿದರು, ತಿರುಗಿಸಿ ಮತ್ತೆ ಹಾಕಿದರು. ಆ ಕ್ಯಾಸೆಟ್ ಅವಳಿಗೆ ವಾಪಸ್ಸು ಹೋಗಲೇ ಇಲ್ಲ. ನೀವು ಈಗ ಬೀರು ತೆಗೆದರೆ ಖಂಡಿತ ಸಿಗುತ್ತದೆ.

ಇಲ್ಲಿ ನೀವು ಕೇಳಬಹುದಾದ ಪ್ರಶ್ನೆ ನ್ಯಾಯವಾದದ್ದೇ. ಈಗ ಎಲ್ಲವೂ ಫೋನಿನಲ್ಲಿ ಸಿಗುತ್ತದಲ್ಲ, ಈ ಧೂಳು ಯಾಕೆ? ಒಪ್ಪುತ್ತೇನೆ. ಕೊಂಡು ತಂದ ಎಲ್‌ಪಿ, ಕಂಪನಿ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಇವತ್ತು ಅಂತರ್ಜಾಲದಲ್ಲಿ ಇನ್ನೂ ಶುಭ್ರವಾಗಿ ಸಿಗುತ್ತವೆ. ಅವುಗಳನ್ನು ಒಂದೂ ಬಿಡದೆ ಡಿಜಿಟಲ್ ಮಾಡಿ ಎಂದು ಹೇಳಿದರೆ ಅದು ಭಕ್ತಿಯಾದೀತು, ಬುದ್ಧಿಯಾಗದು. ಬೇರೆಲ್ಲೂ ಸಿಗದಿರುವುದು ಮೇಷ್ಟ್ರು ತಾವೇ ಧ್ವನಿಮುದ್ರಿಸಿಕೊಂಡದ್ದು. ಆಕಾಶವಾಣಿಯಲ್ಲಿ 1952ರಿಂದ ಬರುತ್ತಿದ್ದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಅವರು ರೇಡಿಯೋಕ್ಕೆ ರೆಕಾರ್ಡರ್ ಹಚ್ಚಿ ಹಿಡಿದಿಟ್ಟ ಟೇಪುಗಳಿವೆ. ಯಾರದೋ ಮನೆಯ ನಡುಮನೆಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ, ಹೆಸರು ಮಾಡದೆ ಹೋದ ಗಾಯಕರು ಹಾಡಿದ್ದನ್ನು ಅನುಮತಿ ಕೇಳಿ ತುಂಬಿಸಿಕೊಂಡ ಸ್ಪೂಲುಗಳಿವೆ. ಆ ಹಾಡುಗಾರರಲ್ಲಿ ಕೆಲವರ ದನಿ ಈ ಲೋಕದಲ್ಲಿ ಆ ಬೀರುವಿನಲ್ಲಿ ಮಾತ್ರ ಇರಬಹುದು.

ಅದಕ್ಕಿಂತ ಹೆಚ್ಚಿನದು ಟಿಪ್ಪಣಿಗಳು. ಪ್ರತಿ ಕ್ಯಾಸೆಟ್ಟಿನ ಒಳಗಿನ ಕಾರ್ಡಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು, ಜಾಗ ಸಾಲದಾದಾಗ ನೋಟ್‌ಬುಕ್ಕಿಗೆ ಹೋದದ್ದು. ರಾಗ, ತಾಳ, ಪಕ್ಕವಾದ್ಯ, ಇಷ್ಟಕ್ಕೆ ನಿಲ್ಲುವುದಿಲ್ಲ. ತಂಬೂರಿಯ ಪಂಚಮ ಇಲ್ಲಿಯವರೆಗೆ ಒಂದು ಕೂದಲೆಳೆ ಇಳಿದಿತ್ತು, ಯಾರೋ ಬಿರಡೆ ತಿರುಗಿಸಿದರು, ಅಲ್ಲಿಂದ ಹಾಡೇ ಬೇರೆಯಾಯಿತು. ಇಲ್ಲಿ ಸಿಡಿಲು, ರೇಡಿಯೋ ಗೊರಗೊರ, ಆದರೆ ಅಳಿಸಬೇಡಿ, ಅದರ ಹಿಂದೆಯೇ ತಾರಷಡ್ಜ ಇದೆ. ಹಿಂದಿನ ಸಲ ಕೇಳಿದಾಗ ಇದನ್ನು ಒಣ ಎಂದು ಬರೆದಿದ್ದೆ, ಒಣಗಿದ್ದು ನಾನು. ಒಂದೇ ಟೇಪಿಗೆ ಬೇರೆ ಬೇರೆ ವಯಸ್ಸಿನಲ್ಲಿ ಬರೆದ ಟಿಪ್ಪಣಿಗಳು ಒಂದರ ಕೆಳಗೊಂದು ಇವೆ. ಒಬ್ಬ ಮನುಷ್ಯನ ಕಿವಿ ಹೇಗೆ ಬೆಳೆಯಿತು ಎಂದು ತೋರಿಸುವ ದಾಖಲೆ ಇದು, ನನಗೆ ಗೊತ್ತಿದ್ದ ಮಟ್ಟಿಗೆ ಬೇರೆ ಕಡೆ ಇಂಥದ್ದು ನೋಡಿಲ್ಲ. ವಿಲೇವಾರಿಯ ದಿನ ಮೊದಲು ಹೋಗುವುದೂ ಇದೇ, ಯಾಕೆಂದರೆ ನೋಡಲು ಬರೀ ಹಳೆ ಕಾಗದ.

ಕೋಣೆಯ ಸ್ಥಿತಿ ಹೇಳುತ್ತೇನೆ. ಗೋಡೆ ತೇವ ಹಿಡಿದಿದೆ. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ತೇವ ಹೀರಿದರೆ ಕೆಲವು ಬಗೆಯ ಟೇಪಿನಲ್ಲಿ ಅಂಟು ಕೊಳೆತು ಜಿಗುಟಾಗುತ್ತದೆ. ಆಗ ಪರೀಕ್ಷಿಸಲೆಂದು ಒಮ್ಮೆ ಓಡಿಸಿದರೂ ಪುಡಿ ಹೆಡ್ಡಿಗೆ ಅಂಟಿಕೊಂಡು, ದನಿಯೇ ಕೆರೆದು ಬರುತ್ತದೆ. ಹಳೆಯ ಅಸಿಟೇಟ್ ಸ್ಪೂಲುಗಳು ಕೆಡಲು ಶುರುವಾದರೆ ವಿನೆಗರ್ ವಾಸನೆ ಹೊಡೆಯುತ್ತವೆ, ಹೋದ ಸಲ ಬಾಗಿಲು ತೆಗೆದಾಗ ಆ ವಾಸನೆ ಮೂಗಿಗೆ ಬಂತು. ಒಳ್ಳೆಯ ಮನಸ್ಸಿನಿಂದಲೇ ಹಾಳಾಗುವುದೂ ಉಂಟು. ದಯವಿಟ್ಟು ಯಾರೂ ಅರಗಿನ ತಟ್ಟೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಎಲ್‌ಪಿಯ ಮುಳ್ಳಿನಲ್ಲಿ ಅವುಗಳನ್ನು ನುಡಿಸಲೂ ಬೇಡಿ. 78ರ ಗೆರೆಗೆ ಬೇಕಾದ ಮುಳ್ಳು ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ನಿಧಾನದ್ದು. ಮೊದಲು ನೋಟ್‌ಬುಕ್ಕು ಮತ್ತು ಕಾರ್ಡುಗಳ ಫೋಟೊ. ಇದಕ್ಕೆ ಯಂತ್ರ ಬೇಡ, ನಾಲ್ಕು ಜನ ಮತ್ತು ಬೆಳಕು ಸಾಕು. ಆಮೇಲೆ ಬೇರೆಲ್ಲೂ ಇಲ್ಲದ ಟೇಪುಗಳು. ಸಂಗ್ರಹಾಲಯಗಳು ಒಪ್ಪಿಕೊಂಡಿರುವ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎರಡು ಚಾನೆಲ್ ತುಂಬಿಸಿದರೆ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಅಂದರೆ ನಾನೂರೈವತ್ತು ಗಂಟೆ ಒಂದು ಟಿಬಿ ಡಿಸ್ಕಿನಲ್ಲಿ ಕೂರುತ್ತದೆ, ಇನ್ನೊಂದು ಡಿಸ್ಕಿನಲ್ಲಿ ನಕಲು. ಅವಸರ ಮಾಡಲು ಬರುವುದಿಲ್ಲ, ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು. ಪ್ರತಿ ಟೇಪಿಗೂ ಡೆಕ್ಕಿನ ಹೆಡ್ಡಿನ ಓರೆಯನ್ನು ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ತಾರಸ್ಥಾಯಿಯೆಲ್ಲ ಮಂಕಾಗುತ್ತದೆ. ಮೇಷ್ಟ್ರ ಪುಟ್ಟ ಸ್ಕ್ರೂಡ್ರೈವರ್ ಈಗಲೂ ಡೆಕ್ಕಿನ ಮೇಲೆಯೇ ಇದೆ.

ಕಾನೂನಿನ ತೊಡಕು ಎಂದು ಕಚೇರಿಯಿಂದ ಒಂದು ಮಾತು ಬಂತು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಅನ್ನು ಒಮ್ಮೆ ಓದಿಸಿ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಇರುವ ಡಿಜಿಟಲ್ ಅಲ್ಲದ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂದು 2012ರ ತಿದ್ದುಪಡಿ ಅಲ್ಲಿ ಸೇರಿಸಿದೆ. ನಮ್ಮ ಗ್ರಂಥಾಲಯ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ವಕೀಲರನ್ನು ಕೇಳುವುದು ಒಂದು ದಿನದ ಕೆಲಸ. ಯಾವುದನ್ನೂ ಅಂತರ್ಜಾಲಕ್ಕೆ ಏರಿಸಿ ಎಂದು ನಾವು ಕೇಳುತ್ತಿಲ್ಲ. ಹಾಡಿದವರ ಹಕ್ಕು ಹಾಡಿದವರದು. ಇದೇ ಕಟ್ಟಡದಲ್ಲಿ, ಬಂದು ಕೂತು ಕೇಳುವ ಹಾಗಾದರೆ ಸಾಕು.

ಇನ್ನು ಸಭಾಂಗಣ. ಉದ್ಘಾಟನೆಯ ದಿನ ಜನ ಸೇರುವ ಮೊದಲು ಒಳಗೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದೆ. ಮೇಷ್ಟ್ರು ಕಲಿಸಿದ ಚಾಳಿ ಇದು, ಹೊಸ ಸಭಾಂಗಣ ಹೊಕ್ಕ ಕೂಡಲೇ ಅವರು ಮಾಡುತ್ತಿದ್ದದ್ದೇ ಇಷ್ಟು. ಸದ್ದು ಮೂರು ಸೆಕೆಂಡಿಗೂ ಹೆಚ್ಚು ಸುತ್ತುತ್ತಲೇ ಇತ್ತು. ನೆಲಕ್ಕೆ ಗ್ರಾನೈಟ್, ಪಕ್ಕಕ್ಕೆ ಗಾಜು, ಮೇಲೆ ಬರಿ ಕಾಂಕ್ರೀಟು ಹಾಕಿದರೆ ಇನ್ನೇನಾಗುತ್ತದೆ? ಹಾರ್ವರ್ಡಿನಲ್ಲಿ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಅರ್ಥವಾಗುತ್ತಿಲ್ಲ ಎಂದು ದೂರು ಬಂದಾಗ, 1895ರ ಹೊತ್ತಿಗೆ ವ್ಯಾಲೇಸ್ ಸಬೈನ್ ಎಂಬ ತರುಣ ಉಪನ್ಯಾಸಕ ಪಕ್ಕದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ರಾತ್ರಿಯೆಲ್ಲ ಹೊತ್ತು ತಂದು, ಎಷ್ಟು ದಿಂಬಿಗೆ ಎಷ್ಟು ಪ್ರತಿಧ್ವನಿ ಇಳಿಯುತ್ತದೆ ಎಂದು ಅಳೆದ. ಅಲ್ಲಿಂದ ಬಂದ ಸೂತ್ರ ನಮ್ಮ ಪಠ್ಯದಲ್ಲೇ ಇದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಮೇಲ್ಮೈಗಳು ಸದ್ದು ಹೀರುವ ಒಟ್ಟು ಅಳತೆಯಿಂದ ಭಾಗಿಸಿದರೆ ಸದ್ದು ಎಷ್ಟು ಸೆಕೆಂಡು ಸುತ್ತುತ್ತದೆ ಎಂದು ಸಿಗುತ್ತದೆ. 3000 ಘನ ಮೀಟರಿನ ಕೋಣೆ, ಹೀರುವಿಕೆ ಬರೀ 160 ಚದರ ಮೀಟರಿನಷ್ಟಾದರೆ ಮೂರು ಸೆಕೆಂಡು. ಮಾತಿಗೆ ಸುಮಾರು ಒಂದು ಸೆಕೆಂಡು ಸಾಕು. ಮೂರು ಸೆಕೆಂಡಿನಲ್ಲಿ ಮೃದಂಗದ ಒಂದೊಂದು ಪೆಟ್ಟೂ ಮುಂದಿನ ಹತ್ತಾರು ಪೆಟ್ಟುಗಳ ಮೇಲೆ ಬಿದ್ದು, ಮೃದಂಗ ಒಂದೇ ನುಡಿಯುವ ತನಿ ಆವರ್ತನ ಹೆಂಚಿನ ಮೇಲಿನ ಆಲಿಕಲ್ಲಾಗುತ್ತದೆ. ಅಂಥ ಜಾಗಕ್ಕೆ ಮೇಷ್ಟ್ರ ಹೆಸರಿಡುವುದು, ಕ್ಷಮಿಸಿ, ಅವರನ್ನು ರೇಗಿಸಿದ ಹಾಗೆ. ಹೆಸರಿಡಲೇಬೇಕೆಂದಿದ್ದರೆ ಹಿಂಗೋಡೆಗೂ ಚಾವಣಿಗೂ ಸದ್ದು ಹೀರುವ ಹಾಸು ಹಾಕಿಸಿ, ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ಫಲಕ ಬರೆಸಿ. ಅಳೆಯಲು ಭೌತಶಾಸ್ತ್ರ ವಿಭಾಗದ ಹುಡುಗರೇ ಸಾಕು, ಅವರಿಗೆ ಒಂದು ಒಳ್ಳೆಯ ಪ್ರಾಜೆಕ್ಟ್ ಕೂಡ ಆಗುತ್ತದೆ.

ಗಾಯನ ಸ್ಪರ್ಧೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಡುವ ಮಕ್ಕಳಿಗೆ ವೇದಿಕೆಗಳು ಬೇಕಾದಷ್ಟಿವೆ, ಮೇಷ್ಟ್ರು ತೀರ್ಪುಗಾರರಾಗಲು ಕರೆದಾಗಲೆಲ್ಲ ತಪ್ಪಿಸಿಕೊಂಡವರು. ಆ ಹಣದಲ್ಲಿ ಗುರುವಾರದ ಕೂಟವನ್ನು ಮತ್ತೆ ಶುರುಮಾಡಿ. ಒಂದು ಜೊತೆ ಒಳ್ಳೆಯ ಸ್ಪೀಕರ್, ಒಬ್ಬ ಜವಾಬ್ದಾರಿಯ ಅಧ್ಯಾಪಕರು, ತಡವಾದರೆ ಮುಚ್ಚುವ ಬಾಗಿಲು. ಏನು ಹಾಕಬೇಕು ಎಂದು ಹುಡುಕಾಡಬೇಕಿಲ್ಲ. ಯಾವುದರ ನಂತರ ಯಾವುದನ್ನು ಕೇಳಬೇಕು ಎಂಬ ಕ್ರಮ ನೋಟ್‌ಬುಕ್ಕಿನಲ್ಲಿ ಇದೆ. ಸಂಗೀತ ಗೊತ್ತಿಲ್ಲದ ಹುಡುಗರು ಬರಲಿ. ನಾವೂ ಹಾಗೇ ಬಂದವರು.

ಈಗ ನಮ್ಮ ಕೋರಿಕೆ. ವಿಲೇವಾರಿಯ ಟೆಂಡರ್ ತಡೆಹಿಡಿಯಿರಿ. ಸ್ಮಾರ್ಟ್ ಕ್ಲಾಸ್ ಬೇಡ ಎನ್ನುತ್ತಿಲ್ಲ, ಬೀರುಗಳು ಗ್ರಂಥಾಲಯದ ಮಹಡಿಯ ಒಣ ಕೋಣೆಗೆ ಹೋದರೆ ನಿಮ್ಮ ಜಾಗ ನಿಮಗೆ ಸಿಗುತ್ತದೆ. ಸಾಗಿಸುವಾಗ ಎಲ್‌ಪಿಗಳನ್ನು ನೆಟ್ಟಗೆ ನಿಲ್ಲಿಸಬೇಕು, ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ. ನಮ್ಮ ತಂಡದಲ್ಲಿ ರೇಡಿಯೋ ಸ್ಟುಡಿಯೋದಲ್ಲಿ ದುಡಿದು ನಿವೃತ್ತರಾದವರು ಒಬ್ಬರಿದ್ದಾರೆ, ಡೆಕ್ಕಿನ ಬೆಲ್ಟ್ ಆಗಲೇ ತರಿಸಿಟ್ಟಿದ್ದಾರೆ. ತಂಬೂರಿಯ ಬುರುಡೆ ಅಂಟಿಸಲು ವಾದ್ಯ ಮಾಡುವವರನ್ನು ಕೇಳಿದ್ದೇವೆ, ಆಗುತ್ತದೆ ಅಂದಿದ್ದಾರೆ. ಖರ್ಚು ನಮ್ಮದು, ಲೆಕ್ಕ ನಿಮಗೆ ಕೊಡುತ್ತೇವೆ. ವಸ್ತುಗಳು ಕಾಲೇಜಿನವೇ ಆಗಿ ಉಳಿಯುತ್ತವೆ, ದಾಸ್ತಾನು ಪುಸ್ತಕದಲ್ಲಿ ಒಂದೊಂದನ್ನೂ ಬರೆಸಿ, ನಾವು ಸಹಿ ಹಾಕುತ್ತೇವೆ.

ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಆ ಕೋಣೆಯ ಕೀಲಿಕೈ ನಮಗೆ ಬೇಕು. ಕಚೇರಿಯಲ್ಲಿ ಯಾರ ಕೈಯಿಂದ ಪಡೆಯಬೇಕು ಎಂದು ತಿಳಿಸಿದರೆ ಮುಂದಿನ ಶನಿವಾರವೇ ಬರುತ್ತೇವೆ.

ಇಂತಿ,
ತಡವಾಗಿ ಗಾಂಧಾರ ಕೇಳಿಸಿದ ಒಬ್ಬ ಹಳೆಯ ವಿದ್ಯಾರ್ಥಿ,
ಗುರುವಾರದ ಕೂಟದ ಗೆಳೆಯರ ಪರವಾಗಿ